ಪಂಚಮಿ ಪಣವೂ ಎರಡು ಗಡಿಯಾರವೂ

ಯುಗಗಳನ್ನು ನುಂಗಿ ತೇಗದವನೇ, ಚಕ್ರವರ್ತಿಗಳ ಕಿರೀಟಗಳನ್ನು ತೂತುಬಿದ್ದ ಕೊಡದಂತೆ ಮೂಲೆಗೆ ಒಗೆದವನೇ, ಸಕಲಚರಾಚರಗ್ರಾಸಕನಾದ ಎಲೈ ಕಾಲಪುರುಷನೇ, ಮೊದಲ ನಮಸ್ಕಾರ ನಿನಗೆ. ಋಷಿಗಳು ನಿನ್ನನ್ನು ಅನಂತನೆಂದರು. ಜೋಯಿಸರು ರಾಹುಕಾಲ ಗುಳಿಕಕಾಲವೆಂದು ಹೋಳು ಮಾಡಿ ಹಂಚಿದರು. ನಮ್ಮ ಕಡೆಯ ಸಭೆ ಸಮಾರಂಭದವರು ನೀನೊಬ್ಬನಿದ್ದೀಯೆಂದು ಈವರೆಗೂ ನಂಬಿಲ್ಲ. ಆದರೆ ಕಸ್ತೂರಿ ಅಕ್ಕೋರು ನಿನ್ನನ್ನು ಎರಡು ಸ್ಟಾಪ್‌ವಾಚುಗಳೊಳಗೆ ಹಿಡಿದು ಹಾಕಿ, ಒಂದನ್ನು ಕೆಂಪು ದಾರಕ್ಕೂ ಇನ್ನೊಂದನ್ನು ಹಸಿರು ದಾರಕ್ಕೂ ಪೋಣಿಸಿ, ತಮ್ಮ ಕೊರಳಿಗೆ ಕಟ್ಟಿಕೊಂಡರು. ಆ ಕೊರಳಿನ ಮುಂದೆ ಜಮಖಂಡಿಯ ಗರಡಿಗೆ ಗರಡಿಯೇ ಬೆವರಿದ ಕಥೆಯನ್ನು ಈಗ ಹೇಳುತ್ತೇನೆ. ಅವಸರವಿದ್ದವರು ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ.

ಆಗ ಶ್ರಾವಣ ಹುಟ್ಟಿತ್ತು, ನಾಗರ ಪಂಚಮಿ ಹತ್ತಿರ ಬಂದಿತ್ತು. ಜಮಖಂಡಿಯಲ್ಲಿ ಪರಗೊಂಡ ಪೈಲ್ವಾನನೆಂಬ ವೀರನಿದ್ದನು. ಎಂಥ ವೀರ ಅಂತೀರಿ! ಗರಡಿಕೆಮ್ಮಣ್ಣಧೂಳಿಧೂಸರಿತವಿಶಾಲವಕ್ಷನು, ಪ್ರಾತಃಕಾಲಸಹಸ್ರಬೈಠಕ್‌ದೀಕ್ಷಿತನು, ಉಭಯಸೇರುಕ್ಷೀರಪಾನಧುರಂಧರನು, ಒಂದೇ ಪಂಕ್ತಿಯಲ್ಲಿ ಹದಿನೆಂಟು ಜೋಳದ ರೊಟ್ಟಿಗಳನ್ನು ನಿರ್ನಾಮ ಮಾಡಿ ಹತ್ತೊಂಬತ್ತನೆಯದು ಎಲ್ಲಿದೆಯೆಂದು ಕಣ್ಣು ಹೊರಳಿಸುವ ರೊಟ್ಟಿಕಾಕುಲಾಂತಕನು. ಹಿಂದೊಮ್ಮೆ ದೊಡ್ಡಾಟದಲ್ಲಿ ಗದೆ ಹೊರುವ ಪಾತ್ರ ಕಟ್ಟಿದ್ದವನಾದ್ದರಿಂದ, ಸಿಟ್ಟು ನೆತ್ತಿಗೇರಿದಾಗ ಅವನ ಬಾಯಿಂದ ಮನೆಮಾತು ಮಾಯವಾಗಿ ರಂಗದ ಮಾತು ಉಕ್ಕುತ್ತಿತ್ತು. ಆ ರೊಟ್ಟಿಗಳನ್ನೆಲ್ಲ ಬಡಿಯುತ್ತಿದ್ದವಳು ಅವನ ಹೆಂಡತಿ ನೀಲವ್ವ. ಅವಳಿಗೆ ಬಿರುದುಗಳಿರಲಿಲ್ಲ, ಪುರಸೊತ್ತೂ ಇರಲಿಲ್ಲ.

ನೀಲವ್ವನ ತವರು ಬನಹಟ್ಟಿ, ಮನೆಮನೆಯಲ್ಲೂ ಮಗ್ಗ ಬಡಿದುಕೊಳ್ಳುವ ಊರು. ಬಸ್ಸಿನಲ್ಲಿ ಮುಕ್ಕಾಲು ತಾಸಿನ ದಾರಿ. ಆದರೆ ಪಂಚಮಿಗೆ ಅವಳು ತವರಿಗೆ ಹೋಗಿ ಮೂರು ವರ್ಷವಾಗಿತ್ತು. ಅಣ್ಣ ಪ್ರತಿವರ್ಷ ಕರೆಯಲು ಬರುವುದು, ಪೈಲ್ವಾನನು ಹೊಟ್ಟೆಯ ಕಾರಣ ಹೇಳಿ ಕಳಿಸದೇ ಇರುವುದು, ಇದೇ ನಡೆದು ಬಂದಿತ್ತು. ಈ ವರ್ಷವೂ ಅಣ್ಣ ಮುರಿಗೆಪ್ಪ ಬಂದನು. ಅವನೂ ಸಾಮಾನ್ಯನಲ್ಲ: ಚತುರ್ಯಂತ್ರಮಗ್ಗಾಧಿಪತಿಯು, ಲಾಳಿಯ ವೇಗಕ್ಕೆ ಕಣ್ಣು ಮಿಟುಕಿಸದವನು.

"ಬೀಗರ, ಈ ಸಲಾ ತಂಗೀನ ಕಳಸಾಕಬೇಕ್ರಿ," ಎಂದನು ಮುರಿಗೆಪ್ಪ. "ಅವ್ವ ದಾರಿ ಕಾದು ಕಾದು ಸಾಕಾಗ್ಯಾಳ."

"ಕಳಸಬಹುದು. ಹದಿನೈದ ದಿನಾ ನನಗ ರೊಟ್ಟಿ ಯಾರ ಬಡೀಬೇಕು?"

"ಎರಡ ದಿನಾ ಕೈ ಸುಟ್ಕೊಂಡ್ರ ತಾನ ಬರ್ತೈತಿ ಬಿಡ್ರಿ."

ಬಂತಲ್ಲ ಸಿಟ್ಟು! "ಎಲೈ ನೂಲೆಳೆಯ ನರನೇ," ಎಂದು ಗರ್ಜಿಸಿದನು ಪರಗೊಂಡ, "ಮದಗಜದ ಸೊಂಡಿಲಿನಂಥ ಈ ಬಾಹುಗಳು ಹಿಟ್ಟು ನಾದುವುದಕ್ಕೆ ಹುಟ್ಟಿದವೆಂದು ಬಗೆದೆಯಾ? ಆಗಲಿ! ಬರುವ ಐತವಾರದ ಚೆಂಡಾಟದ ಫೈನಲ್ಲಿನಲ್ಲಿ ನಮ್ಮ ಗರಡಿಯೂ ನಿಮ್ಮ ಮಗ್ಗವೂ ಎದುರಾಗುತ್ತವಷ್ಟೆ? ನಾನು ಗೆದ್ದರೆ ನಿನ್ನ ತಂಗಿಯು ಇಲ್ಲಿಯೇ ನಿಲ್ಲತಕ್ಕದ್ದು. ನೀನು ಗೆದ್ದರೆ ಕರೆದೊಯ್ಯಿ!"

"ಆತ್ರಿ. ಮಾತ ಮಾತ," ಎಂದು ಮುರಿಗೆಪ್ಪ ಕೈಮೇಲೆ ಕೈ ಹೊಡೆದನು.

ಬಾಗಿಲಲ್ಲಿ ಹಿಟ್ಟಿನ ಕೈಯಲ್ಲಿ ನಿಂತಿದ್ದ ನೀಲವ್ವ, "ಟಗರಿನ ಕಾಳಗದಾಗ ಬಹುಮಾನ ಇಟ್ಟಂಗ ಇಡಾಕತ್ತೀರಲ್ಲ ನನ್ನ! ಒಬ್ಬರರ ನನ್ನ ಕೇಳಿದ್ರೇನು?" ಎಂದಳು. ವೀರರ ಕಿವಿ ಶಂಖ ಭೇರಿಗಳಿಗೆ ಪಳಗಿದ್ದು. ಅಡುಗೆಮನೆಯ ಬಾಗಿಲಿನ ಮಾತು ಅವಕ್ಕೆ ತಲುಪುವುದಿಲ್ಲ. ಇಬ್ಬರೂ ಚಹಾ ಕುಡಿದು ಎದ್ದರು.

ಇನ್ನು ಆ ಆಟದ ಉತ್ಪತ್ತಿಯನ್ನು ಹೇಳಬೇಕು. ಕಸ್ತೂರಿ ಅಕ್ಕೋರು ಸರಕಾರಿ ಶಾಲೆಯಲ್ಲಿ ವ್ಯಾಯಾಮ ಕಲಿಸುವ ಅಕ್ಕೋರು, ಎಂದರೆ ಟೀಚರು. ಅವರು ಹತ್ತು ದಿನದ ತರಬೇತಿಗೆಂದು ಬೆಂಗಳೂರಿಗೆ ಹೋದವರು ಸುಲಿದ ತೆಂಗಿನಕಾಯಿಯ ಆಕಾರದ ಒಂದು ಚೆಂಡನ್ನೂ, ಒಂದು ಸೀಟಿಯನ್ನೂ, ಮೇಲೆ ಹೇಳಿದ ಎರಡು ಗಡಿಯಾರಗಳನ್ನೂ ತಂದು, "ಇದಕ್ಕ ಅಮೇರಿಕನ್ ಫುಟ್ಬಾಲ್ ಅಂತಾರ. ಕಾಲಿಂದ ಒದಿಯೂದು ಕಡಿಮಿ, ಮೈಯಿಂದ ನೂಕೂದು ಭಾಳ," ಎಂದರು. ನೂಕುವುದು ಎಂಬ ಒಂದೇ ಮಾತಿಗೆ ಗರಡಿಯವರು ಸೇರಿದರು. ಗರಡಿಯವರು ಸೇರಿದರೆಂಬ ಒಂದೇ ಕಾರಣಕ್ಕೆ ಮಗ್ಗದವರು ಸೇರಿದರು. ಮೋಟರ್ ಸೈಕಲ್ಲಿನ ಹೆಲ್ಮೆಟ್ಟೇ ಶಿರಸ್ತ್ರಾಣ, ಗಾದಿ ಹೊಲಿಯುವವರ ಹತ್ತಿರ ಹೊಲಿಸಿದ ಅರಳೆಯ ದಿಂಬೇ ಭುಜಕವಚ. ಇಂತು ಯುದ್ಧಸನ್ನಾಹವು ಪೂರ್ತಿಯಾಯಿತು.

ನಿಯಮ ಹೇಳುತ್ತೇನೆ, ನಿದ್ದೆ ಮಾಡಬೇಡಿ. ಚೆಂಡು ಕೈಯಲ್ಲಿದ್ದ ಪಡೆಯು ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು; ಹೋದರೆ ಇನ್ನೂ ನಾಲ್ಕು ಯತ್ನ ಸಿಗುತ್ತವೆ, ಹೋಗದಿದ್ದರೆ ಚೆಂಡು ಎದುರಾಳಿಗೆ. ಕೆಂಪು ದಾರದ್ದು ದೊಡ್ಡ ಗಡಿಯಾರ. ಹನ್ನೆರಡು ನಿಮಿಷದ ನಾಲ್ಕು ಭಾಗ, ಅದು ಸೊನ್ನೆಗೆ ಬಂದರೆ ಆಟ ಮುಗಿದಂತೆ. ಹಸಿರು ದಾರದ್ದು ಚಿಕ್ಕ ಗಡಿಯಾರ, ಇದೇ ಮಾರಿ. ಒಂದು ಯತ್ನ ಮುಗಿದ ಕ್ಷಣದಿಂದ ನಲವತ್ತು ಸೆಕೆಂಡಿನೊಳಗೆ ಮುಂದಿನ ಯತ್ನಕ್ಕೆ ಚೆಂಡು ಹೊರಡಲೇಬೇಕು. ಅಕ್ಕೋರು ತಾವೇ ಆಟ ನಿಲ್ಲಿಸಿದ್ದರೆ ಇಪ್ಪತ್ತೈದೇ ಸೆಕೆಂಡು. ಹೊರಡದಿದ್ದರೆ ಹಳದಿ ಅರಿವೆ ಹಾರುತ್ತದೆ, ಐದು ಗಜ ಹಿಂದೆ ಸರಿಯಬೇಕು.

ಕೆಂಪು ಮಣ್ಣಿನ ಕುಸ್ತಿಗೆ ಗಡಿಯಾರವೆಲ್ಲಿಂದ ಬರಬೇಕು? ಬೆನ್ನು ಮಣ್ಣಿಗೆ ತಾಗುವ ತನಕ ಕುಸ್ತಿ, ಅದು ಸಂಜೆಯಾದರೂ ಸರಿ. ಕಣಕ್ಕಿಳಿದವನು ಮಣ್ಣು ಮುಟ್ಟಿ ಹಣೆಗೊತ್ತಿಕೊಳ್ಳಬೇಕು, ನಾಲ್ಕು ದಿಕ್ಕಿಗೂ ಕೈ ಮುಗಿಯಬೇಕು, ತೊಡೆ ತಟ್ಟಬೇಕು, ಬಜರಂಗಬಲಿಯನ್ನು ಕೂಗಬೇಕು, ಎದುರಾಳಿಯ ಸುತ್ತ ಒಂದು ಸುತ್ತು ಬರಬೇಕು. ಐತವಾರ ಮಧ್ಯಾಹ್ನ ಫೈನಲ್ಲು ಶುರುವಾಯಿತಲ್ಲ, ಗರಡಿಯ ಹನ್ನೊಂದು ಜನ ಮಹಾಮಲ್ಲರೂ ಪ್ರತಿ ಯತ್ನಕ್ಕೆ ಮುಂಚೆ ಇದಿಷ್ಟನ್ನೂ ಶ್ರದ್ಧೆಯಿಂದ ಮಾಡಿದರು. ನಾಲ್ಕನೆಯ ದಿಕ್ಕಿಗೆ ಕೈ ಮುಗಿಯುವಷ್ಟರಲ್ಲಿ ಸೀಟಿ.

"ಐದು ಗಜ ಹಿಂದಕ್ಕ," ಎಂದರು ಅಕ್ಕೋರು.

"ಅಕ್ಕೋರ, ದೇವರಿಗೆ ಕೈ ಮುಗದೀವ್ರಿ!"

"ಲಗೂ ಮುಗೀರಿ. ಏ ಪರಗೊಂಡ, ಮೂರನೇ ಕ್ಲಾಸಿನಾಗೂ ಹಿಂಗ ಮಾಡತಿದ್ದಿ. ಪ್ರಾರ್ಥನಾ ಮುಗುದ ಮ್ಯಾಲೆ ಸಾಲಿಗೆ ಬರತಿದ್ದಿ."

ಮೊದಲ ಭಾಗದಲ್ಲಿ ಏಳು ಸಲ ಸೀಟಿ, ಏಳು ಸಲ ಐದು ಗಜ. ಒಬ್ಬ ಶತ್ರುವೂ ಮುಟ್ಟದೆ, ಒಂದು ಏಟೂ ಬೀಳದೆ, ಗರಡಿಯ ಘನಸೈನ್ಯವು ಕೈ ಮುಗಿಯುತ್ತ ಮುಗಿಯುತ್ತಲೇ ಮೂವತ್ತೈದು ಗಜ ಹಿಮ್ಮೆಟ್ಟಿತು. ಅತ್ತ ಮಗ್ಗದವರಿಗೆ ಈ ಕಷ್ಟವೇ ಇಲ್ಲ. ಹುಟ್ಟಿದಾಗಿನಿಂದ ಖಟಪಟ ಖಟಪಟ ಕೇಳಿ ಬೆಳೆದವರು. ಬಿದ್ದಲ್ಲಿಂದ ಎದ್ದು, ಸಾಲು ಕಟ್ಟಿ, ಹದಿನೈದು ಸೆಕೆಂಡಿಗೆ ಚೆಂಡು ಎಸೆದರು. ಎರಡು ಸಲ ಎದುರಾಳಿಯ ಕೊನೆಯ ಗಡಿ ದಾಟಿ, ಸಲಕ್ಕೆ ಆರರಂತೆ ಹನ್ನೆರಡು ಅಂಕ ಹೊಡೆದರು.

ಎರಡನೆಯ ಭಾಗದಲ್ಲಿ ಮುಖ್ಯ ಅತಿಥಿಗಳು ಅರ್ಧ ತಾಸು ತಡವಾಗಿ, ಅಂದರೆ ತಮ್ಮ ಲೆಕ್ಕದಲ್ಲಿ ಸ್ವಲ್ಪ ಬೇಗನೆ, ಬಂದರು. ಬಂದವರೇ ಹಾರ ತುರಾಯಿಗಳ ಸಮೇತ ಮೈದಾನದ ನಡುವೆ ನಡೆದರು. ಅಕ್ಕೋರು ಕೆಂಪು ದಾರವನ್ನೆತ್ತಿ ತೋರಿಸಿ, "ಸಾಹೇಬರ, ಎಸೆದ ಚೆಂಡು ನೆಲಕ್ಕ ಬಿದ್ರ ಇದು ನಿಲ್ತೈತಿ. ಯಾರರ ಗಾಯ ಆದ್ರ ನಿಲ್ತೈತಿ, ಟೈಮೌಟ್ ಕೇಳಿದ್ರ ನಿಲ್ತೈತಿ. ಹಾರ ಹಾಕ್ಸೂದಕ್ಕ ನಿಲ್ಲೂದಿಲ್ಲ," ಎಂದರು. ಸಾಹೇಬರು ತಮ್ಮ ಬಾಳಿನಲ್ಲೇ ಮೊದಲ ಸಲ ಭಾಷಣವಿಲ್ಲದೆ ಕುರ್ಚಿಗೆ ಮರಳಿದರು. ಜನ ಚಪ್ಪಾಳೆ ತಟ್ಟಿದರು, ಅದು ತಮಗೇ ಎಂದುಕೊಂಡು ಅವರು ಕೈ ಬೀಸಿದರು.

ಮುಂದೆ ಗರಡಿಯವರೂ ಸ್ವಲ್ಪ ಕಲಿತರು. ದಿಕ್ಕುಗಳು ನಾಲ್ಕರಿಂದ ಒಂದಕ್ಕಿಳಿದವು. ಬಾಗಿ ನಿಂತು ಕಾಲ ಸಂದಿಯಿಂದ ಚೆಂಡು ಹಿಂದಕ್ಕೆ ಕೊಡುವ ಕಾಯಕ ಲಾಲಸಾಬನದು; ಕೊಟ್ಟ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಪರಗೊಂಡನು ನುಗ್ಗಿದನೆಂದರೆ ಮೂವರು ನೇಕಾರರು ಅವನ ಬೆನ್ನಿಗೂ ಇಬ್ಬರು ಕಾಲಿಗೂ ಜೋತುಬಿದ್ದು ಮೈದಾನ ಸುತ್ತುತ್ತಿದ್ದರು. ಹೀಗೆ ಎರಡು ಸಲ ಗಡಿ ದಾಟಿ, ಮೇಲೊಂದು ಅಂಕವನ್ನೂ ಕಿತ್ತು, ಗರಡಿಯು ಹದಿಮೂರಕ್ಕೇರಿತು. ಹದಿಮೂರು, ಹನ್ನೆರಡು. ಇನ್ನುಳಿದದ್ದು ತೊಂಬತ್ತು ಸೆಕೆಂಡು. ಚೆಂಡು ಗರಡಿಯ ಕೈಯಲ್ಲಿ, ಅದೂ ಮೊದಲ ಯತ್ನ. ಮಗ್ಗದವರ ಮೂರು ಟೈಮೌಟುಗಳೂ ಮುಗಿದಿದ್ದವು: ಒಂದು ಅಕ್ಕೋರ ಜೊತೆ ವಾದಕ್ಕೆ, ಒಂದು ಮುರಿಗೆಪ್ಪನ ಹೆಲ್ಮೆಟ್ಟು ತಲೆಯಲ್ಲೇ ಸಿಕ್ಕಿಕೊಂಡದ್ದಕ್ಕೆ, ಕೊನೆಯದು ಬಿಸಿ ಚಹಾ ಬಂದದ್ದಕ್ಕೆ. ಆರಿದ ಚಹಾ ಕುಡಿಯುವುದು ಬನಹಟ್ಟಿಯವರಿಂದ ಆಗದ ಮಾತು.

ಬುದ್ಧಿಯಿದ್ದವನು ಇಲ್ಲಿ ಏನು ಮಾಡಬೇಕು? ಏನೂ ಮಾಡಬಾರದು. ಚೆಂಡು ಹಿಡಿದು ಅಲ್ಲೇ ಒಂದು ಮಂಡಿ ನೆಲಕ್ಕೂರಿದರೆ ಆ ಯತ್ನ ಮುಗಿಯಿತು. ಕೆಂಪು ಗಡಿಯಾರ ಮಾತ್ರ ಓಡುತ್ತಲೇ ಇರುತ್ತದೆ. ಎರಡೋ ಮೂರೋ ಸಲ ಹೀಗೆ ಊರಿ, ನಡುವೆ ನಲವತ್ತು ನಲವತ್ತು ಸೆಕೆಂಡು ಸುಮ್ಮನೆ ನಿಂತರೆ, ಜಯಲಕ್ಷ್ಮಿ ತಾನಾಗಿ ಬಂದು ಕೊರಳಿಗೆ ಬೀಳುತ್ತಾಳೆ. ಇದನ್ನು ಅಕ್ಕೋರು ಪರಗೊಂಡನ ಮನೆಗೇ ಬಂದು ನಾಲ್ಕು ಸಲ ಬಿಡಿಸಿ ಹೇಳಿದ್ದರು. ಅವನಿಗೆ ತಿಳಿಯಲಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ನೀಲವ್ವನಿಗೆ ಮೊದಲನೆಯ ಸಲವೇ ತಿಳಿದಿತ್ತು.

ಪೈಲ್ವಾನನಿಗೆ ಬೇಕಾದದ್ದು ಕೀರ್ತಿ. ಚೆಂಡು ಬಂದೊಡನೆ ಅವನು ಜನ ನಿಂತ ಏರಿಯ ಕಡೆಗೇ ಧಾವಿಸಿ, ನಾಲ್ವರನ್ನು ಕೆಡವಿ, ಮೈದಾನದ ಪಕ್ಕದ ಸುಣ್ಣದ ಗೆರೆಯನ್ನು ದಾಟಿ, ಜನರ ಮಧ್ಯೆ ನಿಂತು ಎರಡೂ ಕೈ ಮೇಲೆತ್ತಿದನು. ಜನ ಹೋ ಎಂದರು. ಕೊನೆಯ ಎರಡು ನಿಮಿಷದಲ್ಲಿ ಗೆರೆ ದಾಟಿದರೆ ಕೆಂಪು ಗಡಿಯಾರವು ಫಕ್ಕನೆ ನಿಲ್ಲುತ್ತದೆ. ಎಂಬತ್ತೆರಡಕ್ಕೆ ನಿಂತಿತು. ಜನರಿಗೆಲ್ಲ ಒಬ್ಬೊಬ್ಬರಿಗಾಗಿ ಕೈ ಮುಗಿದು ಅವನು ಮರಳಿ ಬರುವಷ್ಟರಲ್ಲಿ ಹಸಿರು ಗಡಿಯಾರವೂ ತೀರಿತ್ತು.

"ಐದು ಗಜ ಹಿಂದಕ್ಕ."

ಎರಡನೆಯ ಯತ್ನ. ಈ ಸಲ ನೇಕಾರರು ಹನ್ನೊಂದೂ ಜನ ಸೇರಿ ಅವನನ್ನು ಗೆರೆಯೊಳಗೇ ಕೆಡವಿದರು. ಕೆಡವಲು ಹತ್ತು ಸೆಕೆಂಡು ಹಿಡಿಯಿತು. ಕೆಂಪು ಗಡಿಯಾರ ಎಪ್ಪತ್ತೆರಡನ್ನು ತೋರಿಸುತ್ತ ಓಡುತ್ತಿತ್ತು. ಪರಗೊಂಡನು ಮೇಲೆದ್ದು, ಬಾಯೊಳಗಿನ ಮಣ್ಣು ಉಗುಳಿ, ಮೀಸೆ ನೇವರಿಸಿಕೊಂಡು, ಮಾತಿಗೆ ತೊಡಗಿದನು.

"ಎಲೈ ಮುರಿಗೆಪ್ಪಾ! ಹನ್ನೊಂದು ಜನರು ಕೂಡಿ ಒಬ್ಬನನ್ನು ಕೆಡವಿ ವೀರರೆಂದು ಬೀಗುವಿರಾ? ಹದಿಮೂರು ಅಂಕ ನನಗೆ ಯಾತರ ಲೆಕ್ಕ? ಇದೋ ಈ ಚೆಂಡನ್ನು ಹಿಡಿದು, ನಿಮ್ಮೆಲ್ಲರನ್ನು ಕೊರಳಹಾರದಂತೆ ತೊಟ್ಟುಕೊಂಡು, ಆ ಕೊನೆಯ ಗೆರೆಯನ್ನು ದಾಟಿ, ಸಪ್ತಸಾಗರಪರ್ಯಂತ ಗರಡಿಯ ಧ್ವಜವನ್ನು ನೆಡದೆ ಹೋದರೆ, ನಾನು ಉಂಡ ರೊಟ್ಟಿಗಳು ನನ್ನನ್ನು ಶಪಿಸಲಿ! ಕೇಳಿರಿ ದಿಕ್ಪಾಲಕರೇ..."

"ಅಣ್ಣಾ," ಎಂದನು ಬಾಗಿಯೇ ನಿಂತಿದ್ದ ಲಾಲಸಾಬ, "ನನ್ನ ಸೊಂಟ ಹಿಡೀತು."

"...ಕೇಳಿರಿ ಅಷ್ಟದಿಕ್ಪಾಲಕರೇ..."

ಹಸಿರು ಗಡಿಯಾರದಲ್ಲಿ ಹತ್ತು ಸೆಕೆಂಡು ಉಳಿದಿತ್ತು. ಆಗ ಏರಿಯ ಮೇಲಿಂದ ಒಂದು ದನಿ ಬಂತು. ಅದು ಮೈದಾನವನ್ನು ಕೊಯ್ದುಕೊಂಡು ಬಂತು.

"ಏನ್ರೀ! ಸಾಕ ಮಾಡ್ರಿ ನಿಮ್ಮ ಭಾಷಣಾ! ಚೆಂಡ ಹಿಡಕೊಂಡ ಮಂಡಿ ಊರಿ ಕುಂದರ್ರಿ, ಮುಗೀತೈತಿ ಆಟಾ!"

ನೀಲವ್ವ ಎದ್ದು ನಿಂತಿದ್ದಳು. ಪೈಲ್ವಾನನ ಬಾಯಿ ತೆರೆದದ್ದು ತೆರೆದೇ ಇತ್ತು. ಮಂಡಿ! ಶತ್ರುವಿನ ಎದುರು ಮಂಡಿ! ಆದರೆ ಮರುಕ್ಷಣವೇ ಅವನ ಎದೆಯೊಳಗೆ ಏನೋ ಕರಗಿತು. ನಾನು ಗೆಲ್ಲಲೆಂದು ಕೂಗುತ್ತಿದ್ದಾಳೆ, ತವರಿಗಿಂತ ನನ್ನ ಹಸಿವು ಇವಳಿಗೆ ಹೆಚ್ಚಾಯಿತು ಎಂದುಕೊಂಡನು. ಅವನ ಕಣ್ಣಲ್ಲಿ ನೀರು ಬಂತು. ಪಾಪ, ದೊಡ್ಡ ಮೈಯವರ ಕರುಳು ಮೆತ್ತಗಿರುತ್ತದೆ.

"ಕೊಡೋ ಲಾಲ್ಯಾ," ಎಂದನು ಸಣ್ಣ ದನಿಯಲ್ಲಿ. ಚೆಂಡು ಬಂತು. ಬೆಟ್ಟವು ಬಾಗುವಂತೆ ಬಾಗಿ ಪರಗೊಂಡ ಪೈಲ್ವಾನನು ಎಡಮಂಡಿಯನ್ನು ನೆಲಕ್ಕೂರಿದನು.

ಅಕ್ಕೋರು ಸೀಟಿ ಊದಿದರು. ಕೆಂಪು ಗಡಿಯಾರದಲ್ಲಿ ಮೂವತ್ತೆರಡು ಸೆಕೆಂಡು, ಹಸಿರಿನಲ್ಲಿ ಹೊಸದಾಗಿ ನಲವತ್ತು. ಇನ್ನೊಮ್ಮೆ ಚೆಂಡು ಹೊರಡುವ ಮೊದಲೇ ಆಟ ಸಾಯುತ್ತದೆ. ಮುರಿಗೆಪ್ಪನಿಗೆ ಲೆಕ್ಕ ತಕ್ಷಣ ತಿಳಿಯಿತು, ಮಗ್ಗದವನಲ್ಲವೇ.

"ಅಕ್ಕೋರ, ಟೈಮೌಟ್! ಟೈಮೌಟ್ ಕೊಡ್ರಿ!"

"ಮೂರನೇದನ್ನ ಚಹಾದಾಗ ಅದ್ದಿ ಕುಡಿದೀಯಲ್ಲೋ. ನಿಂದರು ಸುಮ್ಮನ."

ಹೀಗಾಗಿ ಆ ಮಹಾಸಂಗ್ರಾಮದ ಕೊನೆಯ ಮೂವತ್ತೆರಡು ಸೆಕೆಂಡುಗಳ ವರ್ಣನೆ ಇಷ್ಟೇ: ಇಪ್ಪತ್ತೆರಡು ಜನ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಒಬ್ಬ ಹೆಲ್ಮೆಟ್ಟಿನೊಳಗೆ ಬೆರಳು ಹಾಕಿ ತಲೆ ಕೆರೆದುಕೊಂಡನು. ಒಂದು ನಾಯಿ ಈ ಕಡೆಯಿಂದ ಆ ಕಡೆಗೆ ಹೋಯಿತು. ಅಕ್ಕೋರು ಉದ್ದನೆಯ ಸೀಟಿ ಊದಿದರು, ಮತ್ತು ಗರಡಿ ಗೆದ್ದಿತು.

ಜಯಘೋಷವಾಯಿತು, ಗುಲಾಲು ಹಾರಿತು. ಕೆಂಪು ಬಣ್ಣದಲ್ಲಿ ಮಿಂದ ಪರಗೊಂಡನು ಗುಂಪನ್ನು ಸೀಳಿಕೊಂಡು ಹೆಂಡತಿಯ ಕಡೆಗೆ ಬಂದನು. ಅವಳೂ ಅವನ ಕಡೆಗೇ ಬರುತ್ತಿದ್ದಳು, ಸ್ವಲ್ಪ ಅವಸರದಲ್ಲಿ.

"ಸಾಧ್ವೀಮಣಿಯೇ," ಎಂದು ಅವನು ಶುರುಮಾಡಿದನು.

"ಐದೂವರಿಗೆ ಬಸ್ ಐತಿ," ಎಂದಳು ನೀಲವ್ವ. "ನೀವ ಮತ್ತ ಗೆರಿ ದಾಟಿ, ಮತ್ತ ಗಡಿಯಾರ ನಿಂತು, ಮತ್ತ ಇವರು ಐದ ಗಜಾ ಆರ ಗಜಾ ಅನಕೋತ ಕುಂತಿದ್ರ ಅದು ತಪ್ಪತಿತ್ತು. ನಾ ಬನಹಟ್ಟಿಗೆ ಹೊಂಟೀನಿ."

ರಂಗದ ಮಾತು ಎಲ್ಲಿ ಹೋಯಿತೋ. "ಅಲ್ಲಾ... ನಾ ಗೆದ್ನೆಲ್ಲ? ಪಣಾ?"

"ಪಣಾ ನೀವಿಬ್ರು ಕಟ್ಟೀರಿ. ಅದರಾಗ ನಂದೇನ ಮಾತೈತಿ? ಮೂರು ವರ್ಷಾತು, ಅಣ್ಣ ಬಂದು ಬರೇ ಕೈಲೆ ಹೋಗೂದನ್ನ ಬಾಗಲ್ದಾಗ ನಿಂತು ನೋಡೀನಿ. ಅಂವ ಹೋದ ಮ್ಯಾಲೆ ಒಳಗ ಹೋಗಿ ಅತ್ತೀನಿ, ಅತ್ತು ಮತ್ತ ನಿಮಗ ರೊಟ್ಟಿ ಬಡದೀನಿ. ನಿಮಗದು ಗೊತ್ತರ ಐತೇನು?" ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀವ ಸೋತಿದ್ರೂ ಹೋಗಾಕಿನ, ಗೆದ್ರೂ ಹೋಗಾಕಿನ. ಮುಂಜಾನೆನ ಗಂಟು ಕಟ್ಟೀನಿ."

ಸುತ್ತ ನಿಂತ ಮಹಾಮಲ್ಲರು ತಮ್ಮ ತಮ್ಮ ಕಾಲ್ಬೆರಳುಗಳನ್ನು ನೋಡಿಕೊಂಡರು. ಗಿರಿಗಳನ್ನು ಅಲುಗಿಸಬಲ್ಲ ಪರಗೊಂಡನ ಬಾಯಿಂದ ಒಂದೇ ಒಂದು ಮಾತು ಹೊರಟಿತು.

"ರೊಟ್ಟಿ?"

"ಹಿಟ್ಟು ಡಬ್ಬ್ಯಾಗ ಐತಿ. ಬಿಸಿನೀರಾಗ ನಾದ್ರಿ."

ಅವಳು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು. ಸೋತ ಸೇನಾನಿ ಮುರಿಗೆಪ್ಪನು ಅವಳ ಗಂಟನ್ನು ಹೆಗಲಿಗೇರಿಸಿ ಹಿಂದೆ ಹೊರಟನು. ಸೋತವನ ಮುಖ ಸಪ್ಪಗಿರಬೇಕೆಂದು ಅವನಿಗೆ ಗೊತ್ತಿತ್ತು, ಹಾಗೆ ಇಟ್ಟುಕೊಳ್ಳಲು ತಿರುವಿನ ತನಕ ಬಹಳ ಕಷ್ಟಪಟ್ಟನು.

ಅನಂತರ ವಿಜಯಿಯ ಮನೆಯಲ್ಲಿ ಎರಡು ದಿನ ನಡೆದ ಯುದ್ಧವನ್ನು ನಾನು ವರ್ಣಿಸುವುದಿಲ್ಲ. ಹಿಟ್ಟು ಗೆದ್ದಿತು ಎಂದಷ್ಟೇ ಹೇಳುತ್ತೇನೆ. ಪಂಚಮಿಯ ದಿನ ಮಧ್ಯಾಹ್ನ ಪರಗೊಂಡ ಪೈಲ್ವಾನನು ಹತ್ತು ಬೆರಳಲ್ಲಿ ನಾಲ್ಕಕ್ಕೆ ಅರಿವೆ ಸುತ್ತಿಕೊಂಡು ಬನಹಟ್ಟಿಯ ಬಸ್ಸಿಳಿದು, ಹೆಂಡತಿಯ ತವರಿನ ಬಾಗಿಲಲ್ಲಿ ನಿಂತನು.

"ಬರ್ರಿ ಬೀಗರ, ಬರ್ರಿ," ಎಂದನು ಮುರಿಗೆಪ್ಪ. "ಏ ಅವ್ವಾ, ಗೆದ್ದವರು ಬಂದಾರ ನೋಡು. ಕಾಲಿಗೆ ನೀರ ಕೊಡು."

ನೀಲವ್ವ ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿಯಲ್ಲಿದ್ದಳು. ಗಂಡನನ್ನು ಕಂಡಳು, ಇಳಿಯಲಿಲ್ಲ. ಅವನು ಹತ್ತಿರ ಬಂದು, ರಂಗದ್ದಲ್ಲದ ಮಾತಿನಲ್ಲಿ ಕೇಳಿದನು: "ಎಷ್ಟ ದಿನಾ ಇರಾಕಿ?"

"ಹದಿನೈದ ದಿನಾ."

ಅವನು ತನ್ನ ಸುಟ್ಟ ಬೆರಳುಗಳನ್ನು ನೋಡಿಕೊಂಡನು. "ಆತ ಬಿಡು," ಎಂದನು.

"ಹಬ್ಬದ ಶೇಂಗಾ ಉಂಡಿ ಅಡಗಿಮನ್ಯಾಗ ಅದಾವ," ಎಂದಳು ನೀಲವ್ವ, ಜೋಕಾಲಿಯನ್ನು ಕಾಲಿನಿಂದ ಮೀಟುತ್ತ. "ನಾ ಇಳಿಯೂದಿಲ್ಲ. ನೀವ ಹೋಗಿ ತಗೊಂಡ ತಿನ್ರಿ."

ಅವನು ಹೋಗಿ ತಾನೇ ತೆಗೆದುಕೊಂಡು ತಿಂದನು.